ಎರಡು ಮಿಲಿಮೀಟರ್ ಜಗಳ

ಒಂದೊಂದು ಮನೆಯಲ್ಲಿ ಒಂದೊಂದು ವಿಷಯವನ್ನು ಎತ್ತಬಾರದು. ನಮ್ಮ ಎದುರುಮನೆಯಲ್ಲಿ ಅದು ರಾಜಕೀಯ. ಪಕ್ಕದ ಮನೆಯಲ್ಲಿ ಸೊಸೆಯ ತವರಿನ ಸಾರು. ನಮ್ಮ ಮನೆಯಲ್ಲಿ ಮಾತ್ರ ಅದು ರೈಫಲ್ಲು. ನನ್ನನ್ನು ಬಲ್ಲವರು ಇದನ್ನು ಸುಲಭಕ್ಕೆ ನಂಬುವುದಿಲ್ಲ. ನಾನು ನಂಜನಗೂಡಿನ ಒಂದು ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಹೇಳುವವನು. ದೀಪಾವಳಿಯಲ್ಲಿ ನೆಲಚಕ್ರ ಹಚ್ಚುವಾಗಲೂ ಮಗಳ ಬೆನ್ನ ಹಿಂದೆ ನಿಲ್ಲುವವನು. ಅಂಥವನ ಮನೆಗೆ ಬಂದೂಕಿನ ಮಾತು ಹೇಗೆ ಹೊಕ್ಕಿತು ಎಂದರೆ ನಮ್ಮಣ್ಣನ ಮೂಲಕ.

ಅಣ್ಣ ಮಾದೇವಪ್ಪ ಸೈನ್ಯದಲ್ಲಿ ಹವಾಲ್ದಾರನಾಗಿ ನಿವೃತ್ತನಾಗಿ ಬಂದು ತಾಂಡವಪುರದಲ್ಲಿ ಜಮೀನು ನೋಡಿಕೊಂಡಿದ್ದಾನೆ. ಅವನು ಸೇರಿದ ಕಾಲಕ್ಕೆ ಕೈಗೆ ಕೊಟ್ಟದ್ದು ಎಸ್‌ಎಲ್‌ಆರ್ ಎಂಬ ರೈಫಲ್ಲು. ಬಿಟ್ಟು ಬರುವವರೆಗೂ ಅದೇ. ಅದರ ಗುಂಡಿನ ಅಡ್ಡಳತೆ, ಅಂದರೆ ಕ್ಯಾಲಿಬರ್, ಏಳು ಪಾಯಿಂಟ್ ಅರವತ್ತೆರಡು ಮಿಲಿಮೀಟರ್. ಈ ಸಂಖ್ಯೆಯನ್ನು ಅಣ್ಣ ಬೇರೆಯವರು ಮನೆದೇವರ ಹೆಸರು ಹೇಳುವ ಹಾಗೆ ಹೇಳುತ್ತಾನೆ. ಹಬ್ಬಕ್ಕೆ ನಮ್ಮ ಮನೆಗೆ ಬಂದರೆ ಊಟವಾದ ಮೇಲೆ ಮಜ್ಜಿಗೆ ಲೋಟ ಬೆಟ್ಟವಾಗುತ್ತದೆ, ಎಲೆಯ ತುದಿಯಲ್ಲಿ ಉಳಿದ ಉಪ್ಪು ಶತ್ರುವಿನ ಠಾಣೆಯಾಗುತ್ತದೆ, ಇವನ ಗುಂಡು ಕಣಿವೆ ದಾಟಿ ಹೋಗುತ್ತದೆ. ಒಮ್ಮೆ ನಾನು ಉತ್ಸಾಹ ತಡೆಯಲಾರದೆ ಗುಂಡಿನ ಪಥವನ್ನು ನಾವು ತರಗತಿಯಲ್ಲಿ ಲೆಕ್ಕ ಹಾಕುವ ಬಗೆಯನ್ನು ವಿವರಿಸಿದೆ. ಗಾಳಿಯ ಪ್ರತಿರೋಧವನ್ನು ಕಡೆಗಣಿಸಿದರೆ ಅದು ಪ್ಯಾರಾಬೊಲ ಎಂಬ ಬಾಗಿದ ಗೆರೆ ಎಂದೆ. ಅಣ್ಣ ಎಲೆ ಮಡಿಸಿದ. “ಗಾಳಿ ಇಲ್ದಿರ ಊರು ಯಾವ್ದ್ಲಾ ಅದು?” ಎಂದು ಕೇಳಿ ಕೈ ತೊಳೆಯಲು ಎದ್ದುಹೋದ.

ಹೀಗಿರುವಾಗ ಮಗಳು ಕಾವ್ಯಳಿಗೆ ಒಂದು ಸಂಬಂಧ ಕೂಡಿಬಂತು. ಅವಳು ಮೈಸೂರಿನ ಆಸ್ಪತ್ರೆಯೊಂದರಲ್ಲಿ ನರ್ಸು. ಹುಡುಗ ಪ್ರದೀಪ ಟಿ. ನರಸೀಪುರದಲ್ಲಿ ನೀರಾವರಿ ಕಚೇರಿಯ ಇಂಜಿನಿಯರು, ಮನೆ ಬನ್ನೂರಿನಲ್ಲಿ. ಇಬ್ಬರೂ ಮೊದಲೇ ಮಾತಾಡಿಕೊಂಡು ಒಪ್ಪಿಕೊಂಡಿದ್ದರು. ಹಿರಿಯರು ಕೂತು ನಿಶ್ಚಿತಾರ್ಥದ ದಿನ ಗೊತ್ತುಮಾಡುವುದಷ್ಟೇ ಬಾಕಿ. ಹುಡುಗನ ತಂದೆ ಸಿದ್ದರಾಜು ಅವರೂ ಮಿಲಿಟರಿಯವರು, ಸುಬೇದಾರರಾಗಿ ನಿವೃತ್ತರಾದವರು ಎಂದು ತಿಳಿದಾಗ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಅಣ್ಣನಿಗೆ ಮಾತಿಗೊಬ್ಬರು ಸಿಕ್ಕಿದರು, ಇನ್ನು ನಮ್ಮ ಮಜ್ಜಿಗೆ ಲೋಟಗಳಿಗೆ ವಿಶ್ರಾಂತಿ ಎಂದುಕೊಂಡೆ. ನನ್ನ ಹೆಂಡತಿ ರತ್ನ ಮಾತ್ರ, ಇಬ್ಬರನ್ನೂ ಅಕ್ಕಪಕ್ಕ ಕೂರಿಸಬೇಡಿ, ನಡುವೆ ನೀವು ಕೂತುಕೊಳ್ಳಿ ಎಂದಳು. ಅವಳ ಮಾತನ್ನು ಪಾಲಿಸಿದೆ. ಆದ ಅನಾಹುತಕ್ಕೆಲ್ಲ ಮೂಲ ಅದೇ.

ಬೀಗರಾಗಬೇಕಾದವರು ಬಂದರು. ವಯಸ್ಸಿನಲ್ಲಿ ಅಣ್ಣ ದೊಡ್ಡವನು, ಹುದ್ದೆಯಲ್ಲಿ ಅವರು ದೊಡ್ಡವರು. ಯಾರು ಯಾರಿಗೆ ಮೊದಲು ನಮಸ್ಕಾರ ಮಾಡಬೇಕೆಂದು ಗೊತ್ತಾಗದೆ ಇಬ್ಬರೂ ನನಗೆ ಮಾಡಿದರು. ಕೇಸರಿಬಾತು, ಉಪ್ಪಿಟ್ಟು, ರಸಬಾಳೆಹಣ್ಣಿನವರೆಗೆ ಎಲ್ಲ ಸುಸೂತ್ರ. ಕಾಫಿ ಬರುವ ಹೊತ್ತಿಗೆ ಸಿದ್ದರಾಜು ಅವರು ಮಾತಿನ ನಡುವೆ, ತಾವು ಸೇರಿದಾಗ ಎಸ್‌ಎಲ್‌ಆರ್ ಇತ್ತು, ಆಮೇಲೆ ಇನ್ಸಾಸ್ ಬಂತು, ಆಗ ಜೀವ ಹಗುರವಾಯಿತು ಎಂದರು. ಇನ್ಸಾಸ್ ಹೊಸ ರೈಫಲ್ಲು, ಅದರ ಗುಂಡು ಐದು ಪಾಯಿಂಟ್ ಐವತ್ತಾರು. ಅಂದರೆ ಅಣ್ಣನದಕ್ಕಿಂತ ಎರಡು ಮಿಲಿಮೀಟರ್ ಸಣ್ಣದು. ಅಣ್ಣ ಕಾಫಿ ಲೋಟ ಕೆಳಗಿಟ್ಟು, ಅದು ಗುಬ್ಬಿ ಓಡಿಸುವುದಕ್ಕೆ ಚೆನ್ನಾಗಿದೆಯಂತೆ ಎಂದ. ಸಿದ್ದರಾಜು ಅವರು ನಕ್ಕರು. ಆದರೆ ಆ ನಗು ಮೀಸೆಯ ಒಂದೇ ಪಕ್ಕದಲ್ಲಿತ್ತು.

ಇಲ್ಲಿ ನಾನು ಸುಮ್ಮನಿರಬೇಕಾಗಿತ್ತು. ಆದರೆ ಇಬ್ಬರ ನಡುವೆ ಕೂತಿದ್ದೇನಲ್ಲ. ವಿಜ್ಞಾನಕ್ಕೆ ಪಕ್ಷಪಾತವಿಲ್ಲ, ಅದರಿಂದಲೇ ರಾಜಿಯಾಗಲಿ ಎಂದು ನಿಶ್ಚಿತಾರ್ಥದ ದಿನ ಬರೆಯಲು ತಂದಿದ್ದ ಹಾಳೆಯ ಹಿಂಬದಿಯಲ್ಲಿ ಚಲನಶಕ್ತಿಯ ಸೂತ್ರ, ಅರ್ಧ ಎಂ ವಿ ಸ್ಕ್ವೇರ್, ಬರೆದೆ. ದೊಡ್ಡ ಗುಂಡು ಭಾರ, ಸಣ್ಣ ಗುಂಡು ವೇಗ. ಲೆಕ್ಕ ಹಾಕಿದರೆ ದೊಡ್ಡದರ ಶಕ್ತಿ ಸಣ್ಣದರ ಸರಿಸುಮಾರು ಎರಡರಷ್ಟು ಬರುತ್ತದೆ ಎಂದೆ. ಅಣ್ಣ ಎದೆ ಉಬ್ಬಿಸಿದ. ಬೀಗರಿಗೆ ಬೇಸರವಾಗಬಾರದಲ್ಲ ಎಂದು, ಆದರೆ ಹಾರಿಸಿದಾಗ ಹೆಗಲಿಗೆ ಬೀಳುವ ಒದೆತ ಸಣ್ಣದರಲ್ಲಿ ತುಂಬ ಕಡಿಮೆ, ಕೈ ಅಲ್ಲಾಡುವುದಿಲ್ಲ, ಎರಡನೇ ಗುಂಡು ಮೂರನೇ ಗುಂಡು ಗುರಿ ತಪ್ಪುವುದಿಲ್ಲ ಎಂದೆ. ಈಗ ಸಿದ್ದರಾಜು ಅವರ ಎದೆ ಉಬ್ಬಿತು. ಅಲ್ಲಿಂದ ಮುಂದೆ ಇಬ್ಬರೂ ನನ್ನ ಹಾಳೆಯನ್ನೇ ಒಬ್ಬರ ಮುಂದೊಬ್ಬರು ಹಿಡಿದು ವಾದ ಮಾಡಿದರು. ಮೇಷ್ಟ್ರೇ ಹೇಳಿದ್ದಾರೆ ಎಂದು ಅವರು, ನನ್ನ ತಮ್ಮನೇ ಹೇಳಿದ್ದಾನೆ ಎಂದು ಇವನು. ಎರಡನೇ ಗುಂಡು ಬೇಕಾಗುವುದು ಮೊದಲನೆಯದು ತಪ್ಪಿದವನಿಗೆ ಎಂದು ಅಣ್ಣ ಅಂದದ್ದೇ ಕೊನೆ. ಸಿದ್ದರಾಜು ಅವರು ಎದ್ದು ಚಪ್ಪಲಿ ಮೆಟ್ಟಿಕೊಂಡರು. ದಿನ ಗೊತ್ತಾಗಲಿಲ್ಲ. ಆ ಹಾಳೆಯನ್ನು ಅವರೇ ಮಡಿಸಿ ಜೇಬಿಗಿಟ್ಟುಕೊಂಡು ಹೋದರು.

ಅದಾದ ಮೇಲೆ ಮನೆಯಲ್ಲಿ ನನ್ನ ಸ್ಥಿತಿ ಹೇಳಬಾರದು. ರತ್ನ ಮಾತು ಬಿಡಲಿಲ್ಲ, ಬಿಟ್ಟಿದ್ದರೆ ಚೆನ್ನಾಗಿತ್ತು. ಕಾವ್ಯ ಜೋರು ಮಾಡುವವಳಲ್ಲ. ಆಸ್ಪತ್ರೆಯಲ್ಲಿ ಹಟ ಹಿಡಿದ ರೋಗಿಗಳನ್ನು ನೋಡಿ ನೋಡಿ ಅವಳಿಗೆ ಒಂದು ತಣ್ಣನೆಯ ದನಿ ಬಂದಿದೆ. ಊಟಕ್ಕೆ ಕೂತಾಗ ಆ ದನಿಯಲ್ಲಿ, “ಅಪ್ಪಾ, ನಾನು ಮದ್ವೆ ಆಗೋದಿದ್ರೆ ಪ್ರದೀಪನ್ನೇ. ಇದನ್ನ ನೀವೇ ಸರಿಮಾಡ್ಬೇಕು” ಎಂದಳು. ಅವಳ ಕಣ್ಣಿನ ಅಂಚು ಕೆಂಪಾಗಿತ್ತು. ಎರಡು ಮಿಲಿಮೀಟರ್ ಎಂದರೆ ಉಗುರಿನ ಅಂಚಿನಷ್ಟು. ಅಷ್ಟಕ್ಕೆ ಒಂದು ಮದುವೆ ನಿಲ್ಲುತ್ತದೆಯೇ ಎಂದು ಅಣ್ಣನನ್ನು ಕೇಳಲು ತಾಂಡವಪುರಕ್ಕೆ ಹೋದೆ. ಹುಡುಗ ಚಿನ್ನದಂಥವನು, ಅದರಲ್ಲಿ ಎರಡು ಮಾತಿಲ್ಲ, ಆದರೆ ಆಡಿದ ಮಾತು ವಾಪಸ್ ತೆಗೆದುಕೊಂಡರೆ ಆ ರೈಫಲ್ಲಿಗೆ ಮುಖ ತೋರಿಸುವುದು ಹೇಗೆ ಎಂದ. ರೈಫಲ್ಲು ಈಗ ಎಲ್ಲಿದೆಯೋ ಅವನಿಗೂ ಗೊತ್ತಿಲ್ಲ.

ಮುಂದಿನ ರಜೆಗೆ ಟಿ. ನರಸೀಪುರದ ಬಸ್ಸು ಹತ್ತಿ, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಬನ್ನೂರಿಗೆ ಹೋದೆ. ದಾರಿಯುದ್ದಕ್ಕೂ ಕಬ್ಬಿನ ಲಾರಿಗಳ ಹಿಂದೆ ತೆವಳುತ್ತ, ಕ್ಷಮೆ ಕೇಳುವ ವಾಕ್ಯಗಳನ್ನು ತಿದ್ದುತ್ತ ಹೋದೆ. ಯಾವುದೂ ಬೇಕಾಗಲಿಲ್ಲ. ಸಿದ್ದರಾಜು ಅವರು ತೋಟದಲ್ಲಿದ್ದರು. ಎಳನೀರು ಕೊಚ್ಚಿ ಕೊಟ್ಟರು. ಮಂಗಗಳನ್ನು ಹೆದರಿಸಲು ಇಟ್ಟುಕೊಂಡಿದ್ದ ಏರ್‌ಗನ್ ತಂದು ತೋರಿಸಿದರು. ಒಂದು ಗುಂಡು ನಡುವಿಗೆ ಬಿದ್ದರೆ ಅದು ಅದೃಷ್ಟ, ಬಿದ್ದ ಗುಂಡುಗಳೆಲ್ಲ ಒಂದರ ಪಕ್ಕ ಒಂದು ಕೂತರೆ ಅದು ಗುರಿ, ಅದಕ್ಕೆ ಗ್ರೂಪಿಂಗ್ ಎನ್ನುತ್ತಾರೆ ಎಂದು ಹೇಳಿಕೊಟ್ಟರು. ಆಮೇಲೆ, “ಮೇಷ್ಟ್ರೇ, ನಿಮ್ಮಣ್ಣಾರ್ನ ಕರ್ಕಬನ್ನಿ. ಒಂದೇ ಗನ್ನು, ಇಬ್ರೂ ಒಡಿಯಣ. ಆಗ ದೊಡ್ಡುದು ಚಿಕ್ಕುದು ಅನ್ನೊ ಮಾತೇ ಬರಕಿಲ್ಲ” ಎಂದರು. ಗೆದ್ದವರ ಮಾತನ್ನು ಸೋತವರು ಒಪ್ಪಬೇಕು ಎಂಬುದು ಅವರ ಷರತ್ತು. ಅಣ್ಣನಿಗೆ ಫೋನಿನಲ್ಲಿ ತಿಳಿಸಿದೆ. ಎಷ್ಟು ಹೊತ್ತಿಗೆ ಎಂದಷ್ಟೇ ಕೇಳಿದ.

ಭಾನುವಾರ ಬೆಳಗ್ಗೆ ನಾವೆಲ್ಲ ಬನ್ನೂರಿಗೆ ಹೋದೆವು. ಅಣ್ಣ ಇಸ್ತ್ರಿ ಮಾಡಿದ ಕೋಟಿನ ಮೇಲೆ ಪದಕಗಳನ್ನು ಚುಚ್ಚಿಕೊಂಡಿದ್ದ. ಬಾಗಿಲಿಗೆ ಬಂದ ಸಿದ್ದರಾಜು ಅವರು ಅದನ್ನು ನೋಡಿ ಒಳಗೆ ಹೋಗಿ ತಮ್ಮವನ್ನೂ ಚುಚ್ಚಿಕೊಂಡು ಬಂದರು. ತೋಟದ ಬದುವಿನ ಮೇಲೆ ಹೊಟ್ಟು ತುಂಬಿದ ಗೋಣಿಚೀಲ, ಅದಕ್ಕೆ ಸುಣ್ಣದಲ್ಲಿ ಬರೆದ ಒಂದು ವೃತ್ತ. ಹೆಂಗಸರು ಪಂಪ್‌ಸೆಟ್ ಮನೆಯ ಕಡೆ ಚಾಪೆ ಹಾಸಿಕೊಂಡು ಕೂತರು. ಪ್ರದೀಪ, ಕಾವ್ಯ ಇಬ್ಬರೂ ಒಂದೇ ತೆಂಗಿನ ಮರದ ಬುಡದಲ್ಲಿ, ಒಬ್ಬರನ್ನೊಬ್ಬರು ನೋಡದವರಂತೆ ನಿಂತಿದ್ದರು. ಸೈನ್ಯದ ಪದ್ಧತಿಯಂತೆ ಮಲಗಿ ಹೊಡೆಯಬೇಕೆಂದು ತೀರ್ಮಾನವಾಯಿತು. ಇಬ್ಬರ ಮಂಡಿಗಳನ್ನೂ ಯಾರೂ ಕೇಳಿರಲಿಲ್ಲ.

ಅಣ್ಣ ಮೊದಲು ಒಂದು ಕೈ ಊರಿದ, ಆಮೇಲೆ ಇನ್ನೊಂದು, ಆಮೇಲೆ ದೇವರ ಹೆಸರು ಹೇಳಿಕೊಂಡು ಮಿಕ್ಕದ್ದನ್ನು ಇಳಿಸಿದ. ಹೊಡೆದ. ಚೀಲ ಅಲ್ಲಾಡಲಿಲ್ಲ. ಮತ್ತೆ ಹೊಡೆದ. ಎಡಗಡೆಯ ಮಣ್ಣು ಹಾರಿತು. ಸಿದ್ದರಾಜು ಅವರು ನಿಂತಲ್ಲಿಂದಲೇ ಗಾಳಿ ಎಡಕ್ಕಿದೆ ಎಂದರು. ಇಲ್ಲ, ನಿಮ್ಮ ಗನ್ನಿನ ಗುರಿ ಹಿಡಿಯುವ ಸೈಟೇ ಸೊಟ್ಟಗಿದೆ ಎಂದು ಅಣ್ಣ ಅಂದ. ಸೈಟು ತೋರಿಸಲು ಅವರೂ ಪಕ್ಕದಲ್ಲಿ ಮಲಗಿದರು, ಹೊಡೆದರು. ಅದೇ ಎಡಗಡೆಯ ಮಣ್ಣು. ಈ ವರ್ಷವಷ್ಟೇ ಪೊರೆಯ ಆಪರೇಷನ್ ಆದ ಕಣ್ಣನ್ನು ಒರೆಸಿಕೊಂಡು ಇನ್ನೊಮ್ಮೆ ಹೊಡೆದರು. ಅದೂ ಅಲ್ಲೇ. ಗ್ರೂಪಿಂಗ್ ಮಾತ್ರ ಬಹಳ ಚೆನ್ನಾಗಿತ್ತು. ಇಬ್ಬರ ಗುಂಡುಗಳೂ ಒಂದೇ ಅಂಗೈ ಅಗಲದಲ್ಲಿ ಬಿದ್ದಿದ್ದವು.

ಸೋಲು ಗೆಲುವು ಹೇಳಲಾಗದೆ ಅಣ್ಣ ಏಳಲು ನೋಡಿದ. ಸೊಂಟ ಹಿಡಿದುಕೊಂಡಿತು. ಸಿದ್ದರಾಜು ಅವರು ಎತ್ತಲು ಹೋಗಿ, ತಾವೂ ಏಳಲಾಗದೆ ಅಲ್ಲೇ ಉಳಿದರು. ನಾವು ಹತ್ತಿರ ಹೋದಾಗ ಇಬ್ಬರೂ ಕೈಸನ್ನೆಯಲ್ಲೇ ತಡೆದರು, ಸ್ವಲ್ಪ ಹೊತ್ತು ಬಿಡಿ ಎಂದರು. ಹೀಗೆ ಇಬ್ಬರು ನಿವೃತ್ತ ಯೋಧರು ತೆಂಗಿನ ಗರಿಗಳ ಮೇಲೆ ಬೋರಲು ಮಲಗಿ ಮಾತಿಗೆ ಬಿದ್ದರು. ನಾನು ಎರಡು ಮಾರು ದೂರದಲ್ಲಿ ಕೂತು ಕೇಳಿಸಿಕೊಂಡೆ. ಸಿದ್ದರಾಜು ಅವರು, “ನಾನೂ ಮೊದ್ಲು ಒತ್ತಿದ್ದು ನಿಮ್ದೇ ರೈಫಲ್ಲು ಕಣಣ್ಣ. ವಾಪಸ್ ಕೊಟ್ಟ ದಿನ ಕೈ ಖಾಲಿ ಖಾಲಿ ಅನ್ನುಸ್ಬುಡ್ತು” ಎಂದರು. ಅಷ್ಟು ದೂರಕ್ಕೆ ಹೊಡೆಯುವುದು ಆಮೇಲೆ ಬಂದ ಯಾವುದರಲ್ಲೂ ಸಿಗಲಿಲ್ಲ ಎಂದೂ ಒಪ್ಪಿಕೊಂಡರು.

ಅಣ್ಣ ತುಸು ಹೊತ್ತು ಗರಿ ಕೀಳುತ್ತಿದ್ದ. ಆಮೇಲೆ ನಮ್ಮ ಮನೆಯಲ್ಲಿ ಯಾವ ಹಬ್ಬದಲ್ಲೂ ಹೇಳದೆ ಇದ್ದ ಒಂದು ಸಂಗತಿ ಹೇಳಿದ. ಹಿಮದ ಬೆಟ್ಟದ ಮೇಲೆ ಜೊತೆಗಾರನೊಬ್ಬನಿಗೆ ಉಸಿರು ಕಟ್ಟಿತಂತೆ. ಅವನ ತೋಳನ್ನು ಕೊರಳಿಗೆ ಹಾಕಿಕೊಂಡು, ತನ್ನದೂ ಅವನದೂ ಎರಡೂ ರೈಫಲ್ಲು ಹೊತ್ತು ಇವನು ಕೆಳಗಿಳಿದನಂತೆ. ಜೊತೆಗಾರ ಬದುಕಿದ. ಇವನ ಬಲ ಹೆಗಲು ಅವತ್ತಿನಿಂದ ನೆಟ್ಟಗಿಲ್ಲ. “ಅಗುರದ್ದಾಗಿದ್ರೆ ಇನ್ನಷ್ಟು ಬಿರ್‍ನೆ ಇಳೀಬೌದಿತ್ತು ಸಾಬ್. ಆ ಯೋಚ್ನೆ ನಂಗೂ ಬಂದದೆ” ಎಂದ. ಗುಬ್ಬಿಯ ಮಾತನ್ನು ಅವನು ವಾಪಸ್ ತೆಗೆದುಕೊಂಡದ್ದು ಹೀಗೆ. ಸಿದ್ದರಾಜು ಅವರು ಅವನ ಆ ಹೆಗಲ ಮೇಲೆ ಕೈ ಇಟ್ಟರು. ನಾನು ಮುಖ ತಿರುಗಿಸಿದೆ. ಅಷ್ಟು ವರ್ಷ ಆ ಹೆಗಲಿನ ನೋವಿಗೆ ಎಣ್ಣೆ ತಿಕ್ಕಿದವನು ನಾನು, ಗದ್ದೆಯಲ್ಲಿ ಬಿದ್ದ ಪೆಟ್ಟು ಎಂದುಕೊಂಡಿದ್ದೆ.

ಪ್ರದೀಪ, ಕಾವ್ಯ ಬಂದು ಒಬ್ಬೊಬ್ಬರು ಒಂದೊಂದು ಕಡೆ ಹಿಡಿದು ಇಬ್ಬರನ್ನೂ ಎಬ್ಬಿಸಿದರು. ಕಾವ್ಯ ಅಣ್ಣನ ಸೊಂಟವನ್ನು ಹಿಡಿದು ಎಲ್ಲೋ ಒತ್ತಿದಳು, ನೆಟ್ಟಗಾಯಿತು. ಸಿದ್ದರಾಜು ಅವರು ಅದನ್ನು ನೋಡಿ, ಇಂಥ ಸೊಸೆ ಮನೆಯಲ್ಲಿದ್ದರೆ ದಿನಾ ಬೇಕಾದರೂ ಮಲಗಿ ಹೊಡೆಯಬಹುದು ಎಂದರು. ದಿನ ಅಲ್ಲೇ ಗೊತ್ತಾಯಿತು. ಊಟಕ್ಕೆ ಬನ್ನೂರು ಕುರಿಯ ಸಾರು ಕುದಿಯುತ್ತಿತ್ತು. ಎಲ್ಲರಿಗೂ ಮನಸ್ಸು ಹಗುರವಾದ ಆ ಗಳಿಗೆಯಲ್ಲಿ ಅಣ್ಣ ಗನ್ನನ್ನು ನನ್ನ ಕೈಗೆ ಕೊಟ್ಟ. ಲೆಕ್ಕ ಹೇಳಿದವನು ನೀನು, ನೀನೂ ಒಂದು ಹೊಡಿ ಎಂದ. ನಾನು ಬೇಡವೆನ್ನಬೇಕಿತ್ತು. ಆದರೆ ಇಬ್ಬರೂ ಎಡಕ್ಕೆ ಬಿಟ್ಟದ್ದನ್ನು ಕಂಡಿದ್ದೆ. ಅಷ್ಟೇ ಬಲಕ್ಕೆ ಹಿಡಿದರೆ ನೇರ ಹೋಗುತ್ತದೆ, ಸರಳ ತಿದ್ದುಪಡಿ. ನಿಂತೇ ಗುರಿ ಹಿಡಿದೆ, ತಿದ್ದುಪಡಿ ಸೇರಿಸಿದೆ, ಗಾಳಿಗೆ ಇನ್ನಷ್ಟು ಸೇರಿಸಿದೆ, ಕಣ್ಣು ಮುಚ್ಚಿಕೊಂಡು ಒತ್ತಿದೆ. ಕಣ್ಣು ಬಿಟ್ಟಾಗ ಚೀಲ ಹಾಗೇ ಇತ್ತು. ಪಂಪ್‌ಸೆಟ್ ಮನೆಯ ಪಕ್ಕದಲ್ಲಿದ್ದ ಹಳೆಯ ನೀಲಿ ಪ್ಲಾಸ್ಟಿಕ್ ಡ್ರಮ್ಮಿನಿಂದ ನೀರು ಸಣ್ಣಗೆ, ಅಚ್ಚುಕಟ್ಟಾಗಿ ಬಾಗಿ, ರತ್ನ ಕೂತಿದ್ದ ಚಾಪೆಯ ತುದಿಗೆ ಬೀಳುತ್ತಿತ್ತು. ಅವಳು ನಿಧಾನವಾಗಿ ಎದ್ದು ಚಾಪೆಯನ್ನು ಮಡಿಸಿದಳು.

ಈಗ ಮದುವೆಯಾಗಿ ಮಗಳು ಸುಖವಾಗಿದ್ದಾಳೆ. ಅಣ್ಣನೂ ಸಿದ್ದರಾಜು ಅವರೂ ದಿನಾ ಫೋನಿನಲ್ಲಿ ಮಾತಾಡುತ್ತಾರೆ. ಸೈನ್ಯಕ್ಕೆ ಈಚೆಗೆ ಯಾವ ಹೊಸ ರೈಫಲ್ಲು ಬಂತು, ಮತ್ತೆ ದೊಡ್ಡ ಗುಂಡಿಗೇ ಯಾಕೆ ಮರಳುತ್ತಿದ್ದಾರೆ ಎಂಬುದೆಲ್ಲ ಚರ್ಚೆಯಾಗುತ್ತದೆ. ನನ್ನನ್ನು ಯಾರೂ ಕೇಳುವುದಿಲ್ಲ. ಬನ್ನೂರಿಗೆ ಹೊಸ ನೆಂಟರು ಬಂದರೆ ಮೊದಲು ಡ್ರಮ್ಮಿನ ಹತ್ತಿರ ಕರೆದುಕೊಂಡು ಹೋಗಿ, ಟ್ಯೂಬಿನ ತುಂಡಿಟ್ಟು ಮುಚ್ಚಿರುವ ತೂತನ್ನು ತೋರಿಸಿ, ಇದು ನಮ್ಮ ಬೀಗರದು ಎನ್ನುತ್ತಾರೆ. ಗುರಿ ಎಲ್ಲಿತ್ತು ಎಂದು ನೆಂಟರು ಕೇಳುತ್ತಾರೆ. ಸಿದ್ದರಾಜು ಅವರು ಬೆನ್ನು ತಿರುಗಿಸಿ ತೋಟದ ಆಚೆ ಮೂಲೆಗೆ ಕೈ ತೋರಿಸುತ್ತಾರೆ. ಎಲ್ಲರೂ ನಗುತ್ತಾರೆ, ನಾನೂ ನಗುತ್ತೇನೆ. ಆದರೆ ಅವತ್ತು ಹಾರಿದ ಗುಂಡುಗಳಲ್ಲಿ ಅತಿ ದೂರ ಹೋದದ್ದೂ, ಏನನ್ನಾದರೂ ತಾಗಿದ್ದೂ ನನ್ನದೊಂದೇ ಎಂಬುದನ್ನು ಇಷ್ಟು ಜನರಲ್ಲಿ ಒಬ್ಬರಾದರೂ ಗಮನಿಸಬಾರದೇ?