ಬಾಳಕೃಷ್ಣನ ಮನೆಯ ಮುಸುಕಿನ ದೇವರು

ಬೈಲಹೊಂಗಲದ ಕೋರ್ಟಿನ ಎದುರು ಇಪ್ಪತ್ತು ವರ್ಷಗಳಿಂದ ಬಾಂಡ್ ಬರೆಯುತ್ತಿದ್ದ ಬಾಳಕೃಷ್ಣ, ಒಂದು ಮುಂಜಾನೆ ಅವಲಕ್ಕಿ ತಾಟು ಬದಿಗೆ ಸರಿಸಿ ಘೋಷಿಸಿದ: "ಜೂನ್‌ದಿಂದ ಶರ್ವರಿ ಸಿಸ್ಟರ್ ಸಾಲಿಗೆ ಹೋಗ್ತಾಳ. ಇದು ಈ ಮನಿತನದ ನಿರ್ಧಾರ!"

"ಮನಿತನ ಅಂದ್ರ ಯಾರ್ಯಾರ್ರೀ?" ಎಂದಳು ಹೆಂಡತಿ ಸುಚೇತಾ. "ನನ್ನನ್ನಂತೂ ಯಾರೂ ಕೇಳಿಲ್ಲ."

ನಿರ್ಧಾರಕ್ಕೆ ಕಾರಣವಿತ್ತು. ಐದನೆಯ ತರಗತಿಯ ಶರ್ವರಿ ಈಗ ಹೋಗುತ್ತಿದ್ದ ಶಾಲೆಯಲ್ಲಿ ಪಾಠವೆಲ್ಲ ಗೋಡೆಯ ಮೇಲಿನ ದೊಡ್ಡ ಸ್ಕ್ರೀನಿನಲ್ಲೇ. ಹಿಂದಿನ ಚಳಿಗಾಲದಲ್ಲಿ ಅವಳು ಮನೆಗೆ ಬಂದು ಹೇಳಿದ್ದಳು: "ಅಪ್ಪಾ, ಕಿಡಕಿಯಾಗ ಜ್ವಾಳದ ಹೊಲ ಕಾಣ್ತಿತ್ತು. ಬೆಳಕು ಬೀಳ್ತದಂತ ಟೀಚರ್ ಕಿಡಕಿ ಮುಚ್ಚಿಸಿದ್ರು. ಆಮ್ಯಾಲೆ ಜ್ವಾಳ ಹೆಂಗ ಬೆಳೀತದ ಅಂತ ವಿಡಿಯೋ ತೋರಿಸಿದ್ರು." ಆ ಮಾತು ಬಾಳಕೃಷ್ಣನ ಮನಸ್ಸಿನಿಂದ ಹೋಗಲೇ ಇಲ್ಲ.

ಸಿಸ್ಟರ್‌ಗಳ ಶಾಲೆಯಲ್ಲಿ ಆರರಿಂದ ಎಂಟನೆಯ ತರಗತಿಯವರೆಗೆ ಕರಿಹಲಗೆ, ಸೀಮೆಸುಣ್ಣ, ನೋಟುಬುಕ್ಕು. ಕಂಪ್ಯೂಟರ್ ವಾರಕ್ಕೆ ಎರಡೇ ತಾಸು.

"ಅಲ್ಲಿ ಏಸುನ ಪ್ರಾರ್ಥನಾ ಮಾಡಸ್ತಾರಂತಲ್ಲೋ ಬಾಳ್ಯಾ?" ಎಂದು ಕೇಳಿದರು ತಾಯಿ ರಾಧಾಬಾಯಿ. ಅವರ ಮಾವನವರು ಸವದತ್ತಿಯಲ್ಲಿ ಪಂಚಾಂಗ ಹೇಳುತ್ತಿದ್ದ ಶಾಸ್ತ್ರಿಗಳು.

"ಮಾಡಸ್ಲಿ ಬಿಡವ್ವಾ. ಪ್ರಾರ್ಥನಾಕ್ಕ ಕಣ್ಣು ಮುಚ್ಚಸ್ತಾರ. ಹುಡುಗಿ ಕಣ್ಣಿಗೆ ಅಷ್ಟರೆ ವಿಶ್ರಾಂತಿ ಸಿಗ್ತದ!"

ಇಲ್ಲಿಯವರೆಗೆ ಎಲ್ಲವೂ ಸರಿಯಾಗಿತ್ತು. ಕೆಟ್ಟದ್ದು ಪ್ರವೇಶದ ಅರ್ಜಿಯ ಏಳನೆಯ ಪ್ರಶ್ನೆಯಲ್ಲಿ. "ಮಗು ಮನೆಯಲ್ಲಿ ದಿನಕ್ಕೆ ಎಷ್ಟು ಹೊತ್ತು ಟೀವಿ, ಮೊಬೈಲು ನೋಡುತ್ತದೆ?" ಬೇರೆಯವರಾಗಿದ್ದರೆ "ಒಂದು ತಾಸು" ಎಂದು ಬರೆದು ಮುಗಿಸುತ್ತಿದ್ದರು. ಬಾಂಡ್ ಬರೆಯುವ ಕೈ ಅಷ್ಟಕ್ಕೆ ನಿಲ್ಲುತ್ತದೆಯೇ? "ಸದರಿ ಮನೆಯಲ್ಲಿ ಯಾವುದೇ ತರಹದ ಸ್ಕ್ರೀನ್ ಇರುವುದಿಲ್ಲ, ಹಿಂದೆ ಇದ್ದಿಲ್ಲ, ಮುಂದೆ ಇಡತಕ್ಕದ್ದಲ್ಲ ಎಂದು ಪ್ರಮಾಣಪೂರ್ವಕವಾಗಿ ಬರೆದುಕೊಟ್ಟಿರುತ್ತೇನೆ" ಎಂದು ಬರೆದು, ಸಹಿ ಮಾಡಿ, ತಾರೀಖು ಹಾಕಿ ಕೊಟ್ಟು ಬಂದ.

ಓದದೆ ಸಹಿ ಮಾಡಬೇಡಿ ಎಂದು ದಿನಕ್ಕೆ ಹತ್ತು ಜನರಿಗೆ ಬುದ್ಧಿ ಹೇಳುವ ಮನುಷ್ಯ, ಅರ್ಜಿಯ ಕೊನೆಯ ಸಾಲನ್ನು ಮನೆಗೆ ಬಂದು ಜೆರಾಕ್ಸ್ ಪ್ರತಿಯಲ್ಲಿ ಓದಿದ: "ಮುಂದಿನ ಶನಿವಾರ ಸಂಜೆ ಸಿಸ್ಟರ್ ನಿಮ್ಮ ಮನೆಗೆ ಭೇಟಿ ಕೊಡುವರು."

ಎದುರಿನ ಗೋಡೆಯ ಮೇಲೆ ನಲವತ್ಮೂರು ಇಂಚಿನ ಟೀವಿ!

"ಈಗ ಏನ್ ಮಾಡ್ತೀರಿ? ಗೋಡಿ ಸಮೇತ ಕಿತ್ತಿ ಅಟ್ಟಕ್ಕ ಹಾಕ್ತೀರೇನು?" ಎಂದಳು ಸುಚೇತಾ.

ಕೀಳಲು ನೋಡಿದ. ಬೋಲ್ಟುಗಳಿಗೆ ಜಂಗು ಹಿಡಿದಿತ್ತು. ಪ್ಲಗ್ ತೆಗೆಯೋಣವೆಂದರೆ ಅದು ತಾಯಿಯ ತಾಮ್ರದ ಪಾತ್ರೆ ತುಂಬಿದ ಕಪಾಟಿನ ಹಿಂದೆ ಇತ್ತು. ಕೊನೆಗೆ ರಾಧಾಬಾಯಿಯವರ ಹಳದಿ ಪೀತಾಂಬರವನ್ನು ಟೀವಿಗೆ ಹೊದಿಸಿ ನಿಟ್ಟುಸಿರು ಬಿಟ್ಟ. ಅಷ್ಟರಲ್ಲಿ ಪಕ್ಕದ ಮನೆಯ ಇಂದ್ರವ್ವ ಮೊಸರಿಗೆ ಹೆಪ್ಪು ಕೇಳಲು ಒಳಗೆ ಬಂದಳು. ಪೀತಾಂಬರದ ಕೆಳಗಡೆ ಟೀವಿಯ ಸಣ್ಣ ದೀಪ ಕೆಂಪಗೆ ಮಿನುಗುತ್ತಿತ್ತು.

"ಏನ್ರಿ ಅಕ್ಕಾರ ಇದು? ಕೆಂಪಗ ನೋಡಾಕತ್ತೈತಿ!"

ಸುಚೇತಾ ಬಾಯಿ ತೆರೆದಳು. ಅಷ್ಟರಲ್ಲಿ ಬಾಳಕೃಷ್ಣನಿಗೆ ನೆನಪಾಯಿತು: ಇಂದ್ರವ್ವ ಅಡುಗೆ ಮಾಡುವುದು ಸಿಸ್ಟರ್‌ಗಳ ಹಾಸ್ಟೆಲಿನಲ್ಲಿ! ಇಲ್ಲಿಯ ಮಾತು ಸಂಜೆಯೊಳಗೆ ಅಲ್ಲಿಗೆ ಮುಟ್ಟುತ್ತದೆ.

"ದೇವ್ರು!" ಎಂದುಬಿಟ್ಟ. "ನಮ್ಮ ಮನಿತನದ್ದು. ಮುಸುಕು ತೆಗ್ಯೂ ಹಂಗಿಲ್ಲ."

ಇಂದ್ರವ್ವ ಸೆರಗು ಹೊದ್ದು ಕೈಮುಗಿದಳು. ಎರಡು ದಿನದಿಂದ ಕಾಣೆಯಾಗಿದ್ದ ಎಮ್ಮೆ ಸಿಗಲೆಂದು ಬೇಡಿಕೊಂಡಳು. ದುರದೃಷ್ಟ, ಎಮ್ಮೆ ಆ ಸಂಜೆಯೇ ತಾನಾಗಿ ಮನೆಗೆ ಬಂತು!

ಮರುದಿನ ಕಾಯಿ, ಊದಿನಕಡ್ಡಿ ಬಂದವು. ಅದರ ಮರುದಿನ ಚೆಂಡುಹೂವಿನ ಮಾಲೆ. ಬುಧವಾರ ಅದೇ ಓಣಿಯ ಸಾವಿತ್ರೆವ್ವ ನಾಲ್ಕು ಜನರನ್ನು ಕರೆದುಕೊಂಡು ಬಂದಳು. "ಜಾಗೃತ ದೇವ್ರು ಐತ್ರಿ," ಎಂದು ಓಣಿಯೆಲ್ಲ ಮಾತಾಯಿತು.

ಆದರೆ ಆ ವಾರ ಇನ್ನೊಂದೂ ನಡೆಯಿತು. ಸಂಜೆ ಮಾಡಲು ಏನೂ ಇಲ್ಲದೆ ರಾಧಾಬಾಯಿ ಮೊಮ್ಮಗಳನ್ನು ಅಂಗಳಕ್ಕೆ ಕರೆದೊಯ್ದು, ಮಾವನವರು ಕಲಿಸಿದ ನಕ್ಷತ್ರಗಳ ಹೆಸರು ಹೇಳಿದರು. ಬಾಳಕೃಷ್ಣ ಹೊಸ್ತಿಲಲ್ಲಿ ನಿಂತು ಕೇಳಿದ. ಜಾಹೀರಾತು ಬಂದಾಗ ಮಾತ್ರ ಮಾತಾಡುವ ಮನೆ ಇದಾಗಿತ್ತು. ತಾಯಿ ಇಷ್ಟು ಹೊತ್ತು ಮಾತಾಡಬಲ್ಲರೆಂಬುದು ಅವನಿಗೆ ಮರೆತೇ ಹೋಗಿತ್ತು. ಬರೆದದ್ದು ಸುಳ್ಳು, ಬಯಸಿದ್ದು ಸುಳ್ಳಲ್ಲ ಎಂದುಕೊಂಡ. ಹಾಗಂದುಕೊಂಡರೂ ಸಮಾಧಾನವಾಗಲಿಲ್ಲ.

ಶನಿವಾರ ಸಂಜೆ ಸಿಸ್ಟರ್ ಬಂದರು. ಖಾನಾಪುರದ ಕಡೆಯವರು, ಅರವತ್ತರ ವಯಸ್ಸು. ಒಳಗೆ ಒಂಬತ್ತು ಹೆಂಗಸರು ಮುಸುಕಿನ ದೇವರಿಗೆ ಆರತಿ ಎತ್ತುತ್ತಿದ್ದರು. ಸಿಸ್ಟರ್ ಚಪ್ಪಲಿ ಬಿಟ್ಟು, ಒಂದು ಬದಿಗೆ ಗೌರವದಿಂದ ನಿಂತರು.

ಗೋಡೆಗೆ ಒರಗಿ ರಾಧಾಬಾಯಿ ಕುಳಿತಿದ್ದರು. ಆರು ಗಂಟೆ ಅವರ ಧಾರಾವಾಹಿಯ ಹೊತ್ತು. ಹನ್ನೆರಡು ವರ್ಷದ ರೂಢಿ. ಒಂದು ಕೈಯಲ್ಲಿ ಜಪಮಾಲೆ, ಇನ್ನೊಂದರಲ್ಲಿ ರಿಮೋಟು. ಮಣಿ ಎಣಿಸುತ್ತ ಎಣಿಸುತ್ತ ಯಾವ ಕೈ ಯಾವುದೆಂದು ಮರೆತರು.

ಪೀತಾಂಬರದ ಒಳಗಿನಿಂದ ಹೆಣ್ಣಿನ ದನಿ ಗುಡುಗಿತು: "ಇವತ್ತು ನಿನ್ನ ಮುಖವಾಡ ಕಳಚ್ತೀನಿ! ನನ್ನಿಂದ ತಪ್ಪಿಸಿಕೊಳ್ಳೋಕೆ ಆಗಲ್ಲ!"

ಹೆಂಗಸರು ನೆಲಕ್ಕೆ ಅಡ್ಡಬಿದ್ದರು. ರಾಧಾಬಾಯಿಯ ಹೆಬ್ಬೆರಳು ಗಾಬರಿಯಲ್ಲಿ ಮತ್ತೆ ಒತ್ತಿತು. ದನಿ ನಿಂತಿತು.

"ಯವ್ವಾ! ದೇವ್ರು ಬೆಂಗಳೂರು ಕನ್ನಡ ಮಾತಾಡ್ತೈತ್ರಿ!" ಎಂದಳು ಇಂದ್ರವ್ವ, ನೆಲದಿಂದಲೇ.

ನಿಂತಿದ್ದವರು ಸಿಸ್ಟರ್ ಒಬ್ಬರೇ. ಅವರ ದೃಷ್ಟಿ ರಾಧಾಬಾಯಿಯ ಕೈಯ ಮೇಲಿತ್ತು. ಶರ್ವರಿಯನ್ನು ಕರೆದುಕೊಂಡು ಅಂಗಳದ ತುಳಸಿಕಟ್ಟೆಯ ಹತ್ತಿರ ಹೋದರು. ಬಾಳಕೃಷ್ಣ ಬಾಗಿಲ ಮರೆಯಲ್ಲಿ ನಿಂತು ಕಿವಿಗೊಟ್ಟ. ಮಗಳ ಸೀಟು ಈಗ ಮಗಳ ನಾಲಿಗೆಯ ಮೇಲೇ ಇತ್ತು.

"ಒಳಗಿರೂದು ಏನ್ ಮಗಾ?"

"ಟೀವಿ ರಿ ಸಿಸ್ಟರ್. ಅಪ್ಪಾ ಫಾರ್ಮಿನ್ಯಾಗ ತಪ್ಪು ಬರ್ದಾನ. ನಾ ದಿನಾ ಒಂದೂವರಿ ತಾಸು ನೋಡ್ತಿದ್ದೆ. ಈ ವಾರ ನೋಡಿಲ್ರಿ, ದೇವ್ರಾಗ್ಯದಲ್ಲ."

ನಗು ತಡೆಯಲಾರದೆ ಸಿಸ್ಟರ್ ಅವರ ಭುಜಗಳು ಸ್ವಲ್ಪ ಹೊತ್ತು ಕುಲುಕಿದವು. ಆಮೇಲೆ ಬಾಗಿಲ ಕಡೆ ತಿರುಗಿದರು.

"ಹೊರಗ ಬರ್ರಿ ಬಾಳಕೃಷ್ಣ ಅವರ. ನಮ್ಮ ಕಾನ್ವೆಂಟಿನ್ಯಾಗ ಎರಡು ಟೀವಿ ಅದಾವು. ಐತೋ ಇಲ್ಲೋ ಅಂತ ನಾವು ಕೇಳೇ ಇಲ್ಲ. ಎಷ್ಟು ಹೊತ್ತು ಅಂತ ಕೇಳಿದ್ವಿ. ಬಾಂಡ್ ಬರಿಯೋರು ನೀವು, ಪ್ರಶ್ನಿ ಓದಲಿಲ್ಲೇನ್ರಿ?"

ಬಾಳಕೃಷ್ಣ ಹೊರಗೆ ಬಂದು ಕೈ ಮುಗಿದ.

"ಸೀಟು ಐತಿ. ನೀವು ಬರ್ದದ್ದಕ್ಕಲ್ಲ, ಆಕಿ ಹೇಳಿದ್ದಕ್ಕ."

ಅವರು ಹೋದ ಮೇಲೆ ಸುಚೇತಾ ಅಂದಳು: "ಗೆದ್ದಿರಲ್ಲ, ಇನ್ನ ಆ ಪೀತಾಂಬರ ತೆಗೀರಿ. ಅತ್ತೆಯವರು ವಾರದಿಂದ ಕಾಯ್ಲಿಕತ್ತಾರ."

ಬಾಳಕೃಷ್ಣ ಕೈ ಎತ್ತಿದ.

"ಹಾಂ! ಹಾಂ! ಮುಟ್ಟಬ್ಯಾಡ್ರಿ!" ಇಂದ್ರವ್ವ ಓಡಿಬಂದು ಅಡ್ಡ ನಿಂತಳು. "ಮಾತಾಡಿದ ದೇವ್ರು! ಓಣ್ಯಾಗಿನ ಹೆಣ್ಮಕ್ಕಳೆಲ್ಲಾ ಹನ್ನೊಂದು ಶನಿವಾರ ನಡಕೋತೇವಂತ ಹರಕಿ ಹೊತ್ತೇವಿ. ಅಲ್ಲೀತನಕ ಮುಂಜಾನಿ ಒಮ್ಮಿ, ಸಂಜಿಕ ಒಮ್ಮಿ ದಿನಾ ಆರತಿ ಆಗಬೇಕ್ರಿ!"

ಜೂನ್‌ನಲ್ಲಿ ಶಾಲೆ ಶುರುವಾಯಿತು. ಮೊದಲ ದಿನವೇ ಡೈರಿಯಲ್ಲಿ ಅದೇ ಪ್ರಶ್ನೆ ಮಕ್ಕಳಿಗೇ ಬಂದಿತ್ತು. ಶರ್ವರಿ ದುಂಡಗಿನ ಅಕ್ಷರದಲ್ಲಿ ಬರೆದು, ಪಾಲಕರ ಸಹಿಗೆಂದು ತಂದೆಯ ಮುಂದೆ ಹಿಡಿದಳು. ಬಾಳಕೃಷ್ಣ ಈ ಸಲ ಎರಡು ಬಾರಿ ಓದಿದ. ತಿದ್ದಲು ಒಂದಕ್ಷರವೂ ಸಿಗಲಿಲ್ಲ. ಸಹಿ ಮಾಡಿದ.

"ನಮ್ಮ ಮನೆಯಲ್ಲಿ ಟೀವಿ ಇದೆ. ದಿನಕ್ಕೆ ಎರಡು ಸಲ ಎಲ್ಲರೂ ಕೂಡಿ ಅದರ ಮುಂದೆ ನಿಲ್ಲುತ್ತೇವೆ. ಆಗ ಅಪ್ಪ ಗಂಟೆ ಬಾರಿಸುತ್ತಾನೆ."