ಮೇಲ್ಮುಖ ಬಾಣ ಒತ್ತಿದ ಶುಕ್ರವಾರ

ಒಮ್ಮೆ ಬರೆದ ಆಜ್ಞೆಯನ್ನು ಮತ್ತೊಮ್ಮೆ ಬರೆಯುವುದೆಂದರೆ ಯೂಷೆಂಗನಿಗೆ ತೊಳೆದಿಟ್ಟ ಪಾತ್ರೆಯನ್ನು ಮತ್ತೆ ತೊಳೆದಷ್ಟು ಬೇಸರ. ಕೀಲಿಮಣೆಯ ಮೇಲ್ಮುಖ ಬಾಣವನ್ನು ಒತ್ತಿದರೆ ಹಿಂದೆ ಬರೆದದ್ದು ತಾನಾಗಿಯೇ ಪರದೆಗೆ ಬರುತ್ತದೆ. ಎಂಟರ್ ಒತ್ತಿದರೆ ಕೆಲಸ ಮುಗಿಯಿತು. ಇಂಥ ಉಪಾಯಗಳನ್ನು ಹಳದಿ ಚೀಟಿಗಳಲ್ಲಿ ಬರೆದು ಜೊತೆಯವರ ಮೇಜಿಗೆ ಅಂಟಿಸುವುದು ಅವನ ಚಟ. 'ಎಂಟರ್ ಒತ್ತುವ ಮುಂಚೆ ಮೂರು ಎಣಿಸಿ' ಎಂಬ ಚೀಟಿಯೂ ಅದರಲ್ಲಿತ್ತು. ಬುದ್ಧಿ ಹೇಳುವವರೆಲ್ಲರಂತೆ ಅವನೂ ಅದನ್ನು ಬೇರೆಯವರಿಗಾಗಿಯೇ ಬರೆದಿದ್ದ.

ಆ ಶುಕ್ರವಾರ ಬೆಳಿಗ್ಗೆ ಅವನ ಮೈ ತೈಪೆಯ ಆಫೀಸಿನಲ್ಲಿತ್ತು, ಮನಸ್ಸು ಮಗಳ ಶಿಶುವಿಹಾರದಲ್ಲಿತ್ತು. ಸಂಜೆ ನಾಲ್ಕೂವರೆಗೆ ಅಲ್ಲಿ ನಾಟಕ. ಐದು ವರ್ಷದ ನಿಂಗ್‌ನಿಂಗ್ ಅದರಲ್ಲಿ ಎಲೆಕೋಸು. ಹೋದ ವರ್ಷ ಅವಳು ಮೋಡವಾದಾಗಲೂ ಅದರ ಹಿಂದಿನ ವರ್ಷ ಆಮೆಯಾದಾಗಲೂ ಅಪ್ಪ ಆಫೀಸಿನಲ್ಲೇ ಇದ್ದ. ಈ ಸಲ ಮಧ್ಯಾಹ್ನ ಒಂದರಿಂದ ರಜೆ ಮಂಜೂರಾಗಿತ್ತು.

"ಮೊದಲ್ನೇ ಸಾಲಲ್ಲೇ ಕೂತ್ಕೋಬೇಕು ಪಪ್ಪಾ," ಎಂದಿದ್ದಳು ಬೆಳಿಗ್ಗೆ. "ಎಲೆಕೋಸಿಗೆ ಕತ್ತು ತಿರುಗಿಸೋಕೆ ಆಗಲ್ಲ."

ಅವನ ಪರದೆಯಲ್ಲಿ ಎರಡು ಕಿಟಕಿಗಳಿದ್ದವು. ಒಂದು ಪರೀಕ್ಷೆಯ ಯಂತ್ರದ್ದು. ಇನ್ನೊಂದು ನಿಜವಾದ ಸರ್ವರಿನದು. ಕಂಪನಿಯ ದೊಡ್ಡ ಗಿರಾಕಿ ಲಿಯೆನ್ ಅಮ್ಮನವರ ಹದಿನೆಂಟು ತಿಂಡಿ ಅಂಗಡಿಗಳ ಆರ್ಡರುಗಳೆಲ್ಲ ಅದರ ಮೂಲಕವೇ ಅಡುಗೆಮನೆ ಸೇರಬೇಕು. ಪರೀಕ್ಷೆಯ ಯಂತ್ರವನ್ನು ನಿಲ್ಲಿಸಬೇಕಿತ್ತು. ಯೂಷೆಂಗ್ ಬಾಣ ಒತ್ತಿದ, ಎಂಟರ್ ಒತ್ತಿದ. ಯಂತ್ರ ತುಟಿ ಬಿಚ್ಚಲಿಲ್ಲ. ಹೇಳಿದ ಕೆಲಸ ಆದರೆ ಏನೂ ಹೇಳದಿರುವುದು ಆ ಯಂತ್ರಗಳ ರೂಢಿ.

ಫೋನುಗಳು ಮಾತಾಡಿದವು. ಒಂದು, ಎರಡು, ಆಮೇಲೆ ಆರೂ ಒಟ್ಟಿಗೆ, ಹಸಿದ ಕೂಸುಗಳ ಹಾಗೆ. ಹದಿನೆಂಟು ಅಂಗಡಿಗಳಲ್ಲೂ ಆರ್ಡರು ನಿಂತಿದೆಯಂತೆ. ಯೂಷೆಂಗ್ ಪರದೆ ನೋಡಿದ. ತಾನು ಎಂಟರ್ ಒತ್ತಿದ್ದು ಎರಡನೆಯ ಕಿಟಕಿಯಲ್ಲಿ.

ಅವನು ಸರ್ವರನ್ನು ಮತ್ತೆ ಶುರು ಮಾಡಿದ. ಆದರೆ ಅದು ಹದಿನೆಂಟು ಅಂಗಡಿಗಳ ತಿಂಡಿಪಟ್ಟಿಯನ್ನು ಓದಿಕೊಂಡು ಎದ್ದೇಳಲು ಕಾಲು ಗಂಟೆ ಬೇಕು. ಅಷ್ಟರಲ್ಲಿ ಪಕ್ಕದ ಮೇಜಿನ ಗುವಾನ್ ಸರ್ವರ್ ಕೋಣೆಗೆ ಓಡಿಹೋಗಿ, ಹಸಿರು ಪೊಟ್ಟಣವೊಂದನ್ನು ಇಲಿಯ ಬಾಲ ಹಿಡಿದಂತೆ ಹಿಡಿದು ತಂದ.

"ನೋಡ್ರಪ್ಪಾ. ದಿನಾಂಕ ಮುಗಿದು ಒಂಬತ್ತು ದಿನ ಆಗಿದೆ."

ಎಲ್ಲರೂ ಎದ್ದು ಸುತ್ತ ನೆರೆದರು. ಯಂತ್ರ ಹೇಳಿದ ಮಾತು ಕೇಳಲೆಂದು ಅಲ್ಲಿನ ಆಫೀಸುಗಳಲ್ಲಿ ಸರ್ವರಿನ ನೆತ್ತಿಯ ಮೇಲೆ ತೆಂಗಿನಕಾಯಿ ರುಚಿಯ ಆ ಕುರುಕಲಿನ ಪೊಟ್ಟಣ ಸದಾ ಇರಬೇಕು. ಅದರ ಹೆಸರಿನ ಅರ್ಥವೇ 'ಜಾಣಮರಿ, ಜಾಣಮರಿ'. ಹಸಿರೇ ಆಗಬೇಕು, ಹಳದಿ ಇಟ್ಟರೆ ಯಂತ್ರ ಹಟ ಮಾಡುತ್ತದೆ. ಯಾರೂ ತಿನ್ನಕೂಡದು. ದಿನಾಂಕ ಮೀರಕೂಡದು. ಎಂಜಿನಿಯರಿಂಗ್ ಓದಿದವರು ಇದನ್ನು ನಂಬುವುದಿಲ್ಲ, ಆದರೆ ತಪ್ಪಿಸುವುದೂ ಇಲ್ಲ.

ಪೊಟ್ಟಣದ ಉಸ್ತುವಾರಿ ಫಾಂಗ್ ಅಕ್ಕನದು. ಹನ್ನೆರಡು ವರ್ಷಗಳಿಂದ ಆಫೀಸಿನ ಚಹಾಪುಡಿಯಿಂದ ಬೀಗದ ಕೈವರೆಗೆ ಎಲ್ಲವನ್ನೂ ನೋಡಿಕೊಂಡ ಹೆಂಗಸು. ಆಕೆಯ ಮುಖ ಬಿಳಿಚಿಕೊಂಡಿತು.

"ಅತ್ತೆ ಆಸ್ಪತ್ರೇಲಿದ್ರು. ಮರ್ತೇಬಿಟ್ಟೆ," ಎಂದವಳೇ ಮೆಟ್ಟಿಲಿಳಿದು ಓಡಿ, ಕೆಳಗಿನ ಅಂಗಡಿಯಿಂದ ಹೊಸ ಪೊಟ್ಟಣ ತಂದು, ಎರಡೂ ಕೈಯಿಂದ ಸರ್ವರಿನ ಮೇಲಿಟ್ಟಳು.

ಸರಿಯಾಗಿ ಆ ಗಳಿಗೆಗೆ ತಿಂಡಿಪಟ್ಟಿ ಓದುವುದು ಮುಗಿದು ಸರ್ವರು ಎದ್ದಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಫಾಂಗ್ ಅಕ್ಕ ಮಾತ್ರ ಅತ್ತಳು.

ಮ್ಯಾನೇಜರ್ ತಾಂಗ್ ಹೊರಗೆ ಬಂದರು. "ಲಿಯೆನ್ ಅಮ್ಮನವರು ಕಾರಣ ಕೇಳ್ತಿದಾರೆ. ಯಾರಿಂದ ತಪ್ಪಾಯ್ತೋ ಅವರು ಇವತ್ತೇ ವರದಿ ಬರೆದು ಕ್ಷಮೆ ಕೇಳ್ಬೇಕು. ಅದು ಮುಗಿಯೋತನಕ ಮನೆಗೆ ಹೋಗೋ ಹಾಗಿಲ್ಲ."

"ನಾನೇ ಬರೀತೀನಿ ಸಾರ್," ಎಂದಳು ಫಾಂಗ್ ಅಕ್ಕ. ಗುವಾನ್ ಅವಳಿಗೆ ಕಾಗದದ ಕರವಸ್ತ್ರ ಕೊಟ್ಟ.

ಯೂಷೆಂಗ್ ಬಾಯಿ ಮುಚ್ಚಿಕೊಂಡು ಕೂತ. ಒಂದು ಗಂಟೆಗೆ ಎದ್ದು ಹೋದರೆ ಸಾಕಿತ್ತು. ಹನ್ನೆರಡೂವರೆಗೆ ಊಟದ ಡಬ್ಬಿ ತೆರೆದ. ಎದುರಿನ ಮೇಜಿನಲ್ಲಿ ಫಾಂಗ್ ಅಕ್ಕ ತನ್ನ ಡಬ್ಬಿ ತೆರೆಯದೆ 'ನನ್ನ ಅಜಾಗರೂಕತೆಯಿಂದ' ಎಂದು ಬರೆದು ಅಳಿಸಿ, ಮತ್ತೆ ಬರೆದು ಅಳಿಸುತ್ತಿದ್ದಳು. ಅವನ ಡಬ್ಬಿಯಲ್ಲಿ ಅನ್ನದ ಪಕ್ಕ ಇದ್ದದ್ದು ಎಲೆಕೋಸಿನ ಪಲ್ಯ. ಒಂದು ತುತ್ತೂ ಇಳಿಯಲಿಲ್ಲ.

"ಅಕ್ಕಾ, ಬರೀಬೇಡಿ," ಎಂದು ಎದ್ದು ನಿಂತ. "ಸರ್ವರ್ ನಿಲ್ಸಿದ್ದು ನಾನು. ತಪ್ಪು ಕಿಟಕೀಲಿ ಎಂಟರ್ ಒತ್ತಿದೆ."

ಯಾರೂ ನಂಬಲಿಲ್ಲ.

"ಎಷ್ಟು ಒಳ್ಳೇ ಹುಡುಗನಪ್ಪಾ ನೀನು," ಎಂದು ಫಾಂಗ್ ಅಕ್ಕ ಇನ್ನಷ್ಟು ಅತ್ತಳು.

"ಲೋ, ಅಕ್ಕನ್ನ ಉಳಿಸೋಕೆ ಇದೇನೋ ನಾಟಕ," ಎಂದ ಗುವಾನ್. "ಪೊಟ್ಟಣ ಇಟ್ಟ ತಕ್ಷಣ ಎದ್ದಿದ್ದು ನಾವೆಲ್ಲ ಕಣ್ಣಾರೆ ನೋಡಿದೀವಿ."

ನಂಬಿದವರು ತಾಂಗ್ ಒಬ್ಬರೇ. ಅವರಿಗೆ ಪೊಟ್ಟಣಕ್ಕಿಂತ ಮನುಷ್ಯನ ಹೆಸರಿರುವ ವರದಿ ಅನುಕೂಲ. ಅಲ್ಲೇ ನಿಂತು ಅವನ ತಪ್ಪೊಪ್ಪಿಗೆಯನ್ನು ನಾಲ್ಕು ಸಾಲಿನಲ್ಲಿ ಬರೆಸಿಕೊಂಡು ಲಿಯೆನ್ ಅಮ್ಮನವರಿಗೆ ಕಳಿಸಿಬಿಟ್ಟರು. "ಇನ್ನು ಪೂರ್ತಿ ವರದಿ ಬರಿ. ನಿಮಿಷ ನಿಮಿಷದ ಲೆಕ್ಕ ಬೇಕು. ಮುಗಿಸಿಬಿಟ್ಟು ರಜೆಗೆ ಹೋಗು."

ಯೂಷೆಂಗನಿಗೆ ಇದು ನೀರು ಕುಡಿದಷ್ಟು ಸುಲಭ. ಯಾರು ಯಾವ ಗಳಿಗೆಯಲ್ಲಿ ಯಾವ ಆಜ್ಞೆ ಕೊಟ್ಟರೆಂಬುದನ್ನು ಸರ್ವರು ದಾಖಲಿಸಿ ಇಟ್ಟುಕೊಂಡಿರುತ್ತದೆ. ಆ ಉದ್ದದ ದಾಖಲೆಯಿಂದ ಬೇಕಾದ ಸಾಲುಗಳನ್ನಷ್ಟೇ ಅಕ್ಕಿಯಿಂದ ಕಲ್ಲು ಹೆಕ್ಕಿದಂತೆ ಹೆಕ್ಕುವ ಆಜ್ಞೆಯೂ ಅವನಿಗೆ ಬಾಯಿಪಾಠ. ಹೆಕ್ಕಿದ. ಎರಡು ಕಲ್ಲು ಸಿಕ್ಕವು.

ಒಂಬತ್ತು ನಲವತ್ತೆರಡು: ನಿಲ್ಲಿಸು. ಕೊಟ್ಟವನು ಯೂಷೆಂಗ್.

ಒಂಬತ್ತು ನಲವತ್ತು: ನಿಲ್ಲಿಸು. ಕೊಟ್ಟವರು ತಾಂಗ್.

ಅವನು ಮೂರು ಸಲ ಓದಿದ. ತಾನು ನಿಲ್ಲಿಸಿದ್ದು ಆಗಲೇ ನಿಂತಿದ್ದ ಸರ್ವರನ್ನು. ಮುದ್ರಿಸಿದ ಹಾಳೆ ಹಿಡಿದು ಮ್ಯಾನೇಜರರ ಕೋಣೆಗೆ ಹೋದಾಗ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ.

ತಾಂಗ್ ಹಾಳೆಯನ್ನು ದೂರ ಹಿಡಿದು ಓದಿದರು, ಹತ್ತಿರ ಹಿಡಿದು ಓದಿದರು, ಎದ್ದು ಬಾಗಿಲು ಮುಚ್ಚಿದರು.

"ಬೆಳಿಗ್ಗೆ ಸುಮ್ನೆ ಒಂದ್ಸಲ ನನ್ನ ಕಂಪ್ಯೂಟರಿಂದ್ಲೇ ಸರ್ವರ್ ಒಳಗೆ ಹೋಗಿ ನೋಡಿದೆ ಕಣೋ," ಎಂದರು ಮೆಲ್ಲಗೆ. "ನಾನೂ ಒಂದು ಕಾಲದಲ್ಲಿ ಪ್ರೋಗ್ರಾಂ ಬರೀತಿದ್ದೋನು, ಕೈ ತುರಿಸತ್ತೆ. ಬಾಣ ಒತ್ತಿದೆ. ನಾಲ್ಕು ವರ್ಷದ ಹಿಂದೆ ನಾನು ಕೊನೇಗೆ ಏನು ಬರೆದಿದ್ನೋ ಅದೇ ಬಂತು. ಎಂಟರ್ ಒತ್ತಿದೆ. ಅದು ಏನೂ ಅನ್ಲಿಲ್ಲ. ಏನೂ ಆಗ್ಲಿಲ್ಲ ಅಂದ್ಕೊಂಡೆ."

"ಹಾಗಾದ್ರೆ ನಾನು ಹೊರಡ್ಲಾ ಸಾರ್? ನಾಲ್ಕೂವರೆಗೆ ಮಗಳ ನಾಟಕ."

"ಹೊರಡಬಹುದಿತ್ತು," ಎಂದರು ತಾಂಗ್, ಬಹಳ ಸಂಕಟದಿಂದ. ಫೋನು ತಿರುಗಿಸಿ ತೋರಿಸಿದರು. "ನಿನ್ನ ನಾಲ್ಕು ಸಾಲು ಓದಿ ಲಿಯೆನ್ ಅಮ್ಮ ಕರಗಿಹೋಗಿದಾರೆ. ಬೇರೆ ಕಂಪನಿಗೆ ಹೋಗೋ ಯೋಚ್ನೆ ಬಿಟ್ರಂತೆ. ಇಂಥ ಸತ್ಯವಂತನ್ನ ಕಣ್ಣಾರೆ ನೋಡ್ಬೇಕು ಅಂತ ನಾಲ್ಕು ಗಂಟೆಗೆ ಬರ್ತಿದಾರೆ. ಈಗ ಹೋಗಿ ಅದು ಅವನಲ್ಲ ಅಂದ್ರೆ ಏನಂದ್ಕೋತಾರೆ ಹೇಳು. ಹೊರಗೆ ಕೂತಿರೋ ಹದಿನಾಲ್ಕು ಜನರ ಅನ್ನ ಅದು."

ಯೂಷೆಂಗ್ ಗಾಜಿನಾಚೆ ನೋಡಿದ. ಫಾಂಗ್ ಅಕ್ಕ ಈಗ ತಾನೇ ಊಟದ ಡಬ್ಬಿ ತೆರೆದು ಮೊದಲ ತುತ್ತು ತಿನ್ನುತ್ತಿದ್ದಳು.

ಲಿಯೆನ್ ಅಮ್ಮನವರು ಬರುವಾಗ ನಾಲ್ಕೂ ಇಪ್ಪತ್ತಾಗಿತ್ತು. ಎಪ್ಪತ್ತು ದಾಟಿದ ಗಟ್ಟಿಮುಟ್ಟಾದ ಹೆಂಗಸು, ಕೈಯಲ್ಲಿ ಬಿಸಿ ಮೊಟ್ಟೆ ರೊಟ್ಟಿಯ ಚೀಲ. ಎಲ್ಲರೂ ಎದ್ದು ನಿಂತರು. ಆಕೆ ನೇರವಾಗಿ ಯೂಷೆಂಗನ ಬಳಿಗೆ ಬಂದು ಅವನ ಎರಡೂ ಕೈ ಹಿಡಿದುಕೊಂಡರು.

"ಮೂವತ್ತು ವರ್ಷದಿಂದ ಅಂಗಡಿ ನಡೆಸ್ತಿದೀನಿ ಮಗಾ. ಸೋಯಾ ಹಾಲು ಸೀಯಿಸಿದ್ದು ನಾನೇ ಅಂತ ಒಬ್ಬನೂ ಇವತ್ತಿನವರೆಗೆ ಹೇಳಿಲ್ಲ. ನಿನ್ನ ಬಾಯಿಂದ್ಲೇ ಕೇಳ್ಬೇಕು. ಹೇಳು, ಸರ್ವರು ನಿಂತಿದ್ದು ಯಾರಿಂದ?"

ಜೇಬಿನಲ್ಲಿ ಫೋನು ಅದುರಿತು, ಹೆಂಡತಿ ಇರಬೇಕು. ಯೂಷೆಂಗ್ ತಾಂಗರನ್ನು ನೋಡಿದ. ತಾಂಗ್ ಗೋಡೆಯ ಗಡಿಯಾರ ನೋಡುತ್ತಿದ್ದರು.

"ನನ್ನಿಂದಾನೇ ಅಮ್ಮ," ಎಂದ.

ಬೆಳಗಿನಿಂದ ಅವನು ಆಡಿದ ಮೊದಲ ಸುಳ್ಳು ಅದು. ಲಿಯೆನ್ ಅಮ್ಮನವರ ಕಣ್ಣು ತುಂಬಿ ಬಂತು.