ಗುಮ್ಮಿಯ ಎದುರು ಕಂಡಕ್ಟರ್ ಸಾಹೇಬರು

ತುಂಬಿ ತುಳುಕುವ ಬಸ್ಸನ್ನೇ ಹದ್ದುಬಸ್ತಿನಲ್ಲಿ ಇಟ್ಟವನಿಗೆ ಒಂದು ನಾಯಿ ಯಾವ ಲೆಕ್ಕ ಎಂದು ಕಂಡಕ್ಟರ್ ಸಾಹೇಬರು ಮೀಸೆ ತಿರುವಿದರು. ಅವರು ನಿವೃತ್ತರಾಗಿದ್ದರೂ ಅವರ ಗಂಟಲು ಇನ್ನೂ ಸೇವೆಯಲ್ಲೇ ಇತ್ತು.

"ಅಲ್ಲಿ ಜೋರಾಗಿ ಮಾತಾಡಬಾರದು ರೀ," ದಾರಿಯುದ್ದಕ್ಕೂ ಹೆಂಡತಿಯ ಪಾಠ. "ಕಣ್ಣಲ್ಲಿ ಕಣ್ಣಿಟ್ಟು ನೋಡಬಾರದು. ಮುಟ್ಟೋಕೆ ಹೋಗಬಾರದು. ಅದಾಗೇ ಹತ್ರ ಬಂದ್ರೆ ಬರಲಿ."

"ನನಗೇ ಮರ್ಯಾದೆ ಹೇಳಿಕೊಡ್ತೀಯಾ? ಎಂತೆಂಥಾ ಪ್ಯಾಸೆಂಜರುಗಳನ್ನ ದಾರಿಗೆ ತಂದಿದೀನಿ ನಾನು."

"ನನ್ನ ಭಯಾನೂ ಅದೇ."

ಭಯಕ್ಕೆ ಕಾರಣವಿತ್ತು. ಪ್ರಾಣಿ ರಕ್ಷಣಾ ಕೇಂದ್ರದಲ್ಲಿ ಒಂದು ಕಂದು ನಾಯಿ. ಯಾರೋ ಗಂಡಸು ಗದರಿ, ಬಡಿದು ಬೀದಿಗೆ ಅಟ್ಟಿದ್ದ. ಮೂಲೆಯಲ್ಲೇ ಗುಮ್ಮನ ಹಾಗೆ ಕೂತಿರುತ್ತಿದ್ದುದರಿಂದ ಗುಮ್ಮಿ ಎಂದು ಹೆಸರು. ಹೆಂಡತಿ ದಿನಾ ಹೋಗಿ, ಪಕ್ಕದಲ್ಲಿ ಸುಮ್ಮನೆ ಕೂತು, ಅದರ ಮನಸ್ಸು ಗೆದ್ದಿದ್ದರು. ಆದರೆ ಸಾಕಲು ಕರೆದೊಯ್ಯಬೇಕಾದರೆ ಮನೆಯ ಯಜಮಾನರ ಹತ್ತಿರವೂ ನಾಯಿ ತಾನಾಗಿ ಬರಬೇಕು, ಬಾರದಿದ್ದರೆ ಬೇರೆ ಮನೆ ನೋಡುತ್ತೇವೆ ಎಂಬುದು ಅಲ್ಲಿನ ಕಟ್ಟಳೆ. ಇವತ್ತು ಯಜಮಾನರ ಪರೀಕ್ಷೆ.

ಸಾಹೇಬರು ಬೆಕ್ಕಿನ ಹೆಜ್ಜೆ ಇಟ್ಟುಕೊಂಡೇ ಒಳಗೆ ಹೋದರು. ಗುಮ್ಮಿ ಮೂಲೆ ಬಿಟ್ಟು ಎದ್ದಿತು, ಒಂದು ಹೆಜ್ಜೆ ಮುಂದೆ ಇಟ್ಟಿತು. ಅಷ್ಟರಲ್ಲಿ ನೋಡಲು ಬಂದ ಜನ ಬಾಗಿಲಲ್ಲೇ ಗುಂಪುಗಟ್ಟಿ ನಿಂತರು. ಬಾಗಿಲಲ್ಲಿ ಗುಂಪು! ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ, ಕಂಡಕ್ಟರ್ ಗುಣ ಪಿಂಚಣಿ ಬಂದರೂ ಹೋಗದು.

"ಬಾಗಿಲಲ್ಲಿ ಯಾಕ್ರೀ ನಿಂತಿದೀರಾ? ಮುಂದೆ ಹೋಗಿ, ಮುಂದೆ ಹೋಗಿ, ಒಳಗೆ ಜಾಗ ಇದೆ!"

ಜೊತೆಗೆ ತಗಡಿನ ಬಾಗಿಲಿಗೆ ಅಂಗೈಯಿಂದ ಧಡ್ ಧಡ್ ಎಂದು ಎರಡು ಏಟು. ಇಡೀ ಕೇಂದ್ರ ಒಕ್ಕೊರಲಿನಿಂದ ಬೊಗಳಿತು. ಗುಮ್ಮಿ ಬೆಂಚಿನ ಕೆಳಗೆ ತೂರಿಕೊಂಡಿತು. ಹೆಂಡತಿ ಏನೂ ಬೈಯಲಿಲ್ಲ, ಸೆರಗಿನಿಂದ ಕಣ್ಣೊರೆಸಿಕೊಂಡರು. ಬೈದಿದ್ದರೇ ವಾಸಿಯಿತ್ತು ಅನ್ನಿಸಿತು ಸಾಹೇಬರಿಗೆ.

"ಗೋಡೆ ಕಡೆ ತಿರುಗಿ ನೆಲದ ಮೇಲೆ ಕೂತ್ಕೊಳ್ಳಿ," ಎಂದಳು ಅಲ್ಲಿಯ ಮೇಲ್ವಿಚಾರಕಿ. "ಮಾತು ಬೇಡ. ತಿರುಗಿ ನೋಡೋದೂ ಬೇಡ."

ಊರಿಗೆಲ್ಲ ಸೀಟು ತೋರಿಸಿದವರು ತೆಪ್ಪಗೆ ನೆಲ ಹಿಡಿದರು. ನೋಡಲು ಗೋಡೆ, ಆಡಲು ಮಾತಿಲ್ಲ. ತೂಕಡಿಕೆ ಬಂತು, ತಲೆ ವಾಲಿತು, ಗೊರಕೆ ಶುರುವಾಯಿತು.

ಎಚ್ಚರವಾದಾಗ ತೊಡೆಯ ಮೇಲೆ ಏನೋ ಬೆಚ್ಚಗಿತ್ತು. ಗುಮ್ಮಿ ಅಲ್ಲೇ ಗದ್ದ ಊರಿ ಮಲಗಿತ್ತು. ಪಕ್ಕದಲ್ಲಿ ನಿಂತಿದ್ದ ಹೆಂಡತಿಯ ಮುಖದಲ್ಲಿ ನಗು ನೋಡಿ ಸಾಹೇಬರಿಗೆ ಹೋದ ಜೀವ ಬಂದಂತಾಯಿತು.

"ತಾನಾಗೇ ಬಂತು, ಮನೆಗೆ ಕರ್ಕೊಂಡು ಹೋಗಿ," ಎಂದಳು ಮೇಲ್ವಿಚಾರಕಿ. "ಗಂಡಸರು ಎಚ್ಚರವಾಗಿದ್ರೇನೇ ಇದಕ್ಕೆ ಭಯ. ನಿದ್ದೆ ಮಾಡ್ತಿದ್ರೆ ಏನೂ ತೊಂದರೆ ಇಲ್ಲ."

"ನನಗೂ ಅಷ್ಟೇ ಕಣಮ್ಮ," ಎಂದರು ಹೆಂಡತಿ.

ತಕ್ಕ ಉತ್ತರ ಕೊಡಲು ಸಾಹೇಬರು ಬಾಯಿ ತೆರೆದರು. ಗುಮ್ಮಿಯ ಕಿವಿ ನಿಮಿರಿತು. ಮುಚ್ಚಿದ ಬಾಯನ್ನು ಅವರು ಮನೆ ತಲುಪುವವರೆಗೂ ತೆರೆಯಲಿಲ್ಲ.